‘ನನ್ನ ಮನೆ’ ಎಂಬ ಪದರ

ಟ್ಯಾಬ್ಲೆಟ್ಟಿನ ಪರದೆಯಲ್ಲಿ ನಾವು ನಿಂತ ಜಾಗ ತೋರಿಸುವ ನೀಲಿ ಚುಕ್ಕೆ ಹಳ್ಳದ ನಟ್ಟನಡುವೆ ಇತ್ತು. ನಾವು ನಿಂತಿದ್ದು ಹಳ್ಳದಿಂದ ಎಷ್ಟೋ ಮೇಲೆ, ಶಾಲೆಯ ಹಿಂದಿನ ದಿಬ್ಬದಲ್ಲಿ, ಮರಗಳ ಕೆಳಗೆ. ಒಂಬತ್ತನೇ ತರಗತಿಯ ಮಕ್ಕಳು ಒಮ್ಮೆ ಚುಕ್ಕೆಯನ್ನು, ಒಮ್ಮೆ ತಮ್ಮ ಒಣಗಿದ ಚಪ್ಪಲಿಗಳನ್ನು, ಕಡೆಗೆ ನನ್ನ ಮುಖವನ್ನು ನೋಡಿದರು. ಉಪಗ್ರಹದ ಕಣ್ಣಿಗೆ ಯಾವುದೂ ತಪ್ಪುವುದಿಲ್ಲ ಎಂದು ಹಿಂದಿನ ದಿನವಷ್ಟೇ ದೊಡ್ಡ ಗಂಟಲಲ್ಲಿ ಪಾಠ ಮಾಡಿದ್ದೆ. ಮರದಡಿ ನಿಂತರೆ ಸಂಕೇತ ಎಲೆಗಳಿಗೆ ಬಡಿದು ಚದುರುತ್ತದೆ, ಬಯಲಿಗೆ ಬಂದು ಅಲುಗಾಡದೆ ನಿಲ್ಲಬೇಕು, ನಾಲ್ಕೈದು ಸಲ ಸ್ಥಾನ ಗುರುತಿಸಿ ಸರಾಸರಿ ತೆಗೆಯಬೇಕು ಎಂದು ಈಗ ಇನ್ನೊಂದು ಪಾಠ ಶುರು ಮಾಡಿದೆ. ಬಯಲು ಎಲ್ಲಿದೆ ಎಂದು ಒಬ್ಬ ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆ ಬಯಲು ಎಂದರೆ ಶಾಲೆಯ ಆಟದ ಮೈದಾನ, ಅದೂ ಅರ್ಧ.

ಈ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಬೇಡ ಎನ್ನುವುದಕ್ಕೆ ನಾನು ತಡ ಮಾಡಿದ್ದರಿಂದ. ಪ್ರೌಢಶಾಲೆಗಳಲ್ಲಿ ಡಿಜಿಟಲ್ ನಕ್ಷೆಯ ಮೂಲಕ ಭೂಗೋಳ ಕಲಿಸುವ ಕಾರ್ಯಕ್ರಮವೊಂದು ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಬಂದಿತ್ತು. ಸಿದ್ದಾಪುರದ ಹೆಗ್ಗರಣೆ ಕಡೆಯ ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನಕ್ಕೆ ಇರುವವಳು ನಾನೊಬ್ಬಳೇ. ತರಬೇತಿಗೆ ಹೋದೆ. ಹೋಗಿ ಬಂದವಳನ್ನೇ ಬೇರೆ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡು ಎಂದು ಅಟ್ಟಿದರು. ಪ್ರೊಜೆಕ್ಟರು, ಟ್ಯಾಬ್ಲೆಟ್ಟುಗಳ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿರುಗಿದೆ. ಮಂಚಿಕೇರಿ ಕಡೆ ಹೋದ ದಿನ ಕರೆಂಟಿರಲಿಲ್ಲ. ಚಂದಗುಳಿ ಕಡೆ ಕರೆಂಟಿತ್ತು, ನೆಟ್‌ವರ್ಕ್ ಇರಲಿಲ್ಲ. ಎರಡೂ ಇದ್ದ ಕಡೆ ಶಿಕ್ಷಕರಿಗೆ ಪುರುಸೊತ್ತಿರಲಿಲ್ಲ. ಅವರನ್ನು ದೂರುವ ಹಾಗೂ ಇಲ್ಲ, ಅವರ ಜಾಗದಲ್ಲಿ ನಾನಿದ್ದರೆ ನನ್ನನ್ನು ಕಂಡು ನಾನೇ ಹಿಂಬಾಗಿಲಿಂದ ಹೋಗುತ್ತಿದ್ದೆ. ಶಿರಸಿಯ ಮನೆಗೆ ಬಂದ ಮೇಲೆ ಮತ್ತೊಂದು ಕೆಲಸ: ಮಾರನೇ ದಿನದ ಊರಿನ ಚಿತ್ರಗಳನ್ನು ಮನೆಯ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳುವುದು. ಅದು ಇಳಿಯುವಷ್ಟರಲ್ಲಿ ನನ್ನ ಉತ್ಸಾಹವೂ ಇಳಿದಿರುತ್ತಿತ್ತು.

ಪ್ರತಿ ಶಾಲೆಯೂ ತನ್ನ ಊರಿನ ಭೂಬಳಕೆಯ ನಕ್ಷೆ ತಯಾರಿಸಬೇಕು, ಚೆನ್ನಾಗಿ ಬಂದದ್ದನ್ನು ಶಿರಸಿಯಲ್ಲಿ ಅಧಿಕಾರಿಗಳ ಮುಂದೆ ಮಕ್ಕಳೇ ಪ್ರದರ್ಶಿಸಬೇಕು ಎಂಬುದು ಕಾರ್ಯಕ್ರಮದ ಗುರಿ. ಡಿಜಿಟಲ್ ನಕ್ಷೆಯನ್ನು ಪದರ ಪದರವಾಗಿ ಕಟ್ಟುತ್ತಾರೆ. ಕೆಳಗೆ ಉಪಗ್ರಹದ ಚಿತ್ರ, ಅದರ ಮೇಲೆ ರಸ್ತೆಯದೊಂದು ಪದರ, ಹಳ್ಳದ್ದೊಂದು, ಗದ್ದೆಯದೊಂದು, ತೋಟದ್ದೊಂದು. ಬೇಕಾದ ಪದರ ತೆರೆಯಬಹುದು, ಬೇಡದ್ದನ್ನು ಮುಚ್ಚಬಹುದು. ಮಕ್ಕಳು ಗುಂಪುಗಳಾಗಿ ಗದ್ದೆಯ ಅಂಚು ನಡೆದು ಬಂದು, ಆ ಗೆರೆಯನ್ನು ಪರದೆಯ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಒಬ್ಬರ ಗದ್ದೆಯ ಮೇಲೆ ಇನ್ನೊಬ್ಬರ ತೋಟ ಹತ್ತಿ ಕುಳಿತಿರುತ್ತಿತ್ತು. ಪರದೆಯ ಮೇಲೆ ಹುಟ್ಟಿದ ಗಡಿ ತಂಟೆಯನ್ನು ಮಕ್ಕಳು ಮೈದಾನದಲ್ಲಿ ಮುಗಿಸಿಕೊಳ್ಳಲು ಹೊರಟಾಗ ನಾನು ನಡುವೆ ನಿಂತಿದ್ದೂ ಉಂಟು.

ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹದ ಚಿತ್ರದ ಮೇಲೆ ಕೂರಿಸುವಾಗ ನಿಜವಾದ ಪೀಕಲಾಟ ಶುರುವಾಯಿತು. ಎರಡರಲ್ಲೂ ಕಾಣುವ ನಾಲ್ಕು ಗುರುತುಗಳನ್ನು ಹಿಡಿದು, ಇದು ಅದೇ ಎಂದು ತೋರಿಸಿದರೆ ಉಳಿದದ್ದನ್ನು ತಂತ್ರಾಂಶ ಹೊಂದಿಸಿಕೊಳ್ಳುತ್ತದೆ. ನಾವು ಹಿಡಿದ ಗುರುತುಗಳಲ್ಲಿ ಒಂದು ರಸ್ತೆಯ ಮೋರಿ. ಕೂರಿಸಿ ನೋಡಿದರೆ ಊರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು, ದೇವಸ್ಥಾನ ಗದ್ದೆಯೊಳಗಿತ್ತು. ದಿನಗಟ್ಟಲೆ ತಿಣುಕಿದೆ. ಶಾಲೆ ಬಿಟ್ಟ ಮೇಲೆ ಕೂತು ಅಳಿಸಿದೆ, ಮತ್ತೆ ಕೂರಿಸಿದೆ, ತಂತ್ರಾಂಶ ಬರೆದವರ ವಂಶವನ್ನು ಮನಸ್ಸಿನಲ್ಲೇ ಹರಸಿದೆ.

ತಪ್ಪು ಹಿಡಿದವಳು ತರಗತಿಯ ಒಬ್ಬ ಹುಡುಗಿ. ಮಾತು ಕಡಿಮೆ, ಬೆರಳು ಸ್ಥಿರ. ಗೆರೆ ಎಳೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆ ಮೋರಿ ರಸ್ತೆ ಅಗಲ ಮಾಡುವಾಗ ಜಾಗ ಬದಲಿಸಿದೆ, ಹಳೆಯದು ಇನ್ನೂ ಕೆಳಗಿತ್ತು ಎಂದು ಅವಳು ಹೇಳಿದಳು. ಮೋರಿ ಬಿಟ್ಟು ಕೆರೆಯ ಮೂಲೆ ಹಿಡಿದೆವು. ಊರು ತನ್ನ ಜಾಗದಲ್ಲಿ ತಣ್ಣಗೆ ಕುಳಿತುಕೊಂಡಿತು. ಅಂದಿನಿಂದ ನಕ್ಷೆಯ ಹೆಚ್ಚಿನ ಕೆಲಸ ಅವಳ ಕೈಗೇ ಹೋಯಿತು, ಅವಳು ಮಾಡಿದ್ದನ್ನು ನಾನು ತಿದ್ದಬೇಕಾಗುತ್ತಿರಲಿಲ್ಲ ಎಂಬುದೇ ನನಗೆ ದೊಡ್ಡ ವಿಶ್ರಾಂತಿ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ, ಜಾಲತಾಣದಲ್ಲಿ ಸಿಗುವ ಅರಣ್ಯ ಗಡಿಯ ಪದರವನ್ನು ನಮ್ಮ ನಕ್ಷೆಯ ಮೇಲೆ ಹಾಕಿ ಗೋಡೆಗೆ ಬಿಟ್ಟೆ. ಅಡಿಕೆ ತೋಟದ ಮನೆಗಳ ಮಕ್ಕಳು ತೋಟದ ಹಿಂದಿನ ಕಾಡಿನ ತುಂಡುಗಳ ಮೇಲೆಲ್ಲ ‘ನಮ್ಮ ಬೆಟ್ಟ’ ಎಂದು ಬರೆದಿದ್ದರು. ಬೆಟ್ಟ ಎಂದರೆ ತೋಟಕ್ಕೆ ಸೊಪ್ಪು ತರಲು ಪ್ರತಿ ಮನೆಗೂ ಹಿಂದಿನಿಂದ ಬಿಟ್ಟುಕೊಟ್ಟ ಕಾಡು. ನೆಲ ಸರ್ಕಾರದ್ದು, ಸೊಪ್ಪು ಮನೆಯವರದ್ದು. ಆದರೆ ಇಲ್ಲಿ ಹುಟ್ಟಿದ ಯಾವ ಮಗುವೂ ಅದನ್ನು ಸರ್ಕಾರದ್ದು ಎನ್ನುವುದಿಲ್ಲ. ನಾನೂ ಎನ್ನುತ್ತಿರಲಿಲ್ಲ, ನನ್ನ ತವರಿನ ಬೆಟ್ಟವನ್ನು ಇವತ್ತಿಗೂ ನಮ್ಮದೆಂದೇ ಹೇಳುತ್ತೇನೆ. ಆ ಹುಡುಗಿ ಗಡಿಯ ಗೆರೆಯನ್ನು ಕಣ್ಣಲ್ಲೇ ಹಿಂಬಾಲಿಸಿ ಕೇಳಿದಳು.

“ಟೀಚರ್, ಬೆಟ್ಟವೆಲ್ಲ ಗೆರೆ ಒಳಗೇ ಐತೆ. ಇವ್ರು ಹೆಂಗೆ ನಮ್ಮದು ಅಂತ ಬರದ್ರು?”

ಬೆಟ್ಟ ಸವಲತ್ತು, ಕೊಟ್ಟದ್ದು, ಅದಕ್ಕೆ ಕಾಗದವಿದೆ ಎಂದು ವಿವರಿಸಿದೆ. ನಮಗೆ ಕೊಟ್ಟಿಲ್ಲ ಎಂದಷ್ಟೇ ಹೇಳಿ ಕೂತಳು. ಅವಳ ಮಾತಿನ ತೂಕ ನನಗೆ ತಿಳಿದದ್ದು ಸಂಜೆ, ಮಕ್ಕಳ ಕೆಲಸ ಪರಿಶೀಲಿಸುವಾಗ. ಪ್ರತಿ ಮಗುವೂ ‘ನನ್ನ ಮನೆ’ ಎಂಬ ಪದರದಲ್ಲಿ ತನ್ನ ಮನೆಯನ್ನು ಗುರುತಿಸಿ ಹೆಸರು ಬರೆಯಬೇಕಿತ್ತು. ಊರಿನ ಅರ್ಧ ನಕ್ಷೆ ಬರೆದ ಹುಡುಗಿಯ ಮನೆಯೇ ಅದರಲ್ಲಿರಲಿಲ್ಲ. ಮಾರನೇ ದಿನ ಕೇಳಿದರೆ ತಲೆ ತಗ್ಗಿಸಿದಳು. ಅವಳ ಮನೆ, ಮನೆಯ ಮುಂದಿನ ಸಣ್ಣ ಗದ್ದೆ, ಎರಡೂ ಅರಣ್ಯದ ಗೆರೆಯೊಳಗೆ. ನಮ್ಮಲ್ಲಿ ಅದಕ್ಕೆ ಅತಿಕ್ರಮಣ ಎನ್ನುತ್ತಾರೆ. ಅಜ್ಜ ಕಡಿದು ಹಸನು ಮಾಡಿದ ನೆಲ, ಹಕ್ಕಿನ ಅರ್ಜಿ ಒಮ್ಮೆ ತಿರಸ್ಕಾರವಾಗಿ ಈಗ ಮೇಲ್ಮನವಿಯಲ್ಲಿದೆ ಎಂದು ಮುಖ್ಯಾಧ್ಯಾಪಕರಿಂದ ತಿಳಿಯಿತು. ಇದು ನಮ್ಮ ತರಗತಿಯಲ್ಲಿ ಅವಳೊಬ್ಬಳ ಕಥೆಯೂ ಆಗಿರಲಿಲ್ಲ. ಉಳಿದವರು ಯೋಚಿಸದೆ ಚುಕ್ಕೆ ಇಟ್ಟಿದ್ದರು, ಇವಳು ಯೋಚಿಸಿದ್ದಳು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಶಿರಸಿಯ ಪ್ರದರ್ಶನಕ್ಕೆ ನಮ್ಮ ನಕ್ಷೆಯೇ ಆಯ್ಕೆಯಾಯಿತು, ಪ್ರದರ್ಶಿಸುವವಳು ಇವಳೇ ಎಂದು ನಾನು ಬರೆದು ಕಳಿಸಿದ್ದೆ. ಕಾರ್ಯಕ್ರಮದ ಸಂಯೋಜಕರು ಫೋನ್ ಮಾಡಿದರು. ಹಾವೇರಿ ಕಡೆಯವರು, ಉತ್ಸಾಹದ ಮನುಷ್ಯ. ಪರದೆಯಲ್ಲಿ ಮೊದಲು ಭೂಗೋಳ ತಿರುಗಬೇಕು, ಆಮೇಲೆ ಭಾರತ, ಕರ್ನಾಟಕ, ಸಿದ್ದಾಪುರ ಎಂದು ಇಳಿಯುತ್ತಾ ಬಂದು ಪ್ರದರ್ಶಿಸುವ ಮಗುವಿನ ಸ್ವಂತ ಮನೆಯ ಚಾವಣಿಯ ಮೇಲೆ, ನಮ್ಮ ಕಡೆ ಹೇಳುವ ಮಾಡಿನ ಮೇಲೆ, ನಿಲ್ಲಬೇಕು, ಜನ ಚಪ್ಪಾಳೆ ತಟ್ಟುವುದೇ ಅಲ್ಲಿ ಎಂದರು. ಮುಂದಿನ ಸಾಲಿನಲ್ಲಿ ಯಾರು ಯಾರು ಇರುತ್ತಾರೆ ಎಂದು ಕೇಳಿದೆ. ಶಿಕ್ಷಣ ಇಲಾಖೆ, ಕಂದಾಯ, ಮುಖ್ಯ ಅತಿಥಿಯಾಗಿ ಅರಣ್ಯ ಇಲಾಖೆಯ ಅಧಿಕಾರಿ ಎಂದರು. ಮಕ್ಕಳ ನಕ್ಷೆಗಳೆಲ್ಲ ಅಂದೇ ಸಾರ್ವಜನಿಕವಾಗಿ ಜಾಲತಾಣಕ್ಕೆ ಏರುತ್ತವೆ ಎಂದೂ ಸೇರಿಸಿದರು. ಫೋನ್ ಇಟ್ಟೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಪಾಡು.

ಭಾನುವಾರ ಅವಳ ಮನೆಗೆ ಹೋದೆ. ತಾಯಿ ಒಬ್ಬಳೇ ಇದ್ದಳು. ಮಣ್ಣಿನ ಗೋಡೆ, ಹಳೆಯ ಹೆಂಚು, ಪಕ್ಕಕ್ಕೆ ಹೊಸದಾಗಿ ಇಳಿಸಿದ ನೀಲಿ ತಗಡಿನ ಮಾಡು. ಕರುವಿಗೆಂದು ಹಾಕಿಸಿದ್ದು, ಅದಕ್ಕೂ ಅರಣ್ಯದ ಗಾರ್ಡ್ ಬಂದು ಕೇಳಿ ಹೋಗಿದ್ದನಂತೆ. ಚಾ ಕೊಟ್ಟಳು. ನಾನು ಹೋಗಿದ್ದು ಒಂದು ಆಸೆ ಹೊತ್ತು. ನಮ್ಮ ತಂತ್ರಾಂಶದಲ್ಲಿ ಹಳೆಯ ವರ್ಷಗಳ ಚಿತ್ರಗಳಿಗೆ ಹಿಂದೆ ಸರಿಯುವ ಸೌಲಭ್ಯವಿದೆ. ಮನೆ ಹಳೆಯದೆಂದು ಅದರಲ್ಲಿ ಕಂಡರೆ ಇವರ ಮೇಲ್ಮನವಿಗೆ ಸಾಕ್ಷಿಯಾದೀತು, ನಕ್ಷೆ ಇವರಿಗೆ ಉಪಕಾರವನ್ನೇ ಮಾಡೀತು ಎಂದುಕೊಂಡಿದ್ದೆ. ಟ್ಯಾಬ್ಲೆಟ್ ತೆರೆದು ಅವಳ ಪಕ್ಕ ಕೂತು ಒಂದೊಂದೇ ವರ್ಷ ಹಿಂದೆ ಸರಿಸಿದೆ. ಮನೆ ಇತ್ತು, ಮಸುಕಾಗುತ್ತಾ ಹೋಯಿತು, ಕಡೆಗೆ ಚಿತ್ರವೇ ಮುಗಿಯಿತು. ಅರಣ್ಯ ಹಕ್ಕಿನ ಅರ್ಜಿಗೆ ಕೇಳುವುದು ಮೂರು ತಲೆಮಾರಿನ ಸಾಕ್ಷಿ. ಅವಳ ಮಾವ ಕಾಡು ಕಡಿದ ಕಾಲಕ್ಕೆ ಉಪಗ್ರಹವೇ ಇರಲಿಲ್ಲ. ಅವಳು ಮಾತ್ರ ಬೇರೆಯದನ್ನು ನೋಡಿದ್ದಳು.

“ಈ ತಗಡು ಹಿಂದಿನ ಚಿತ್ರದಾಗೆ ಇಲ್ಲ. ಯಾವಾಗ ಹಾಕಿದ್ದು ಅಂತ ಇದರಾಗೆ ಗೊತ್ತಾಗ್ತೈತಾ?”

ಗೊತ್ತಾಗುತ್ತದೆ ಎಂದೆ. ಇದು ಅರಣ್ಯದವರ ಹತ್ತಿರವೂ ಇದೆಯಾ ಎಂದು ಕೇಳಿದಳು. ಇದೆ, ಯಾರು ಬೇಕಾದರೂ ನೋಡಬಹುದು ಎಂದೆ. ಉಪಕಾರ ಮಾಡಲು ಹೋದವಳು ಹೆದರಿಸಿ ಕೂರಿಸಿದ್ದೆ. ಚಾ ಆರಿ ಹೋಗಿತ್ತು. ಮಾಡು ಹೇಗೂ ಎಲ್ಲರಿಗೂ ಕಾಣುತ್ತದಲ್ಲ, ಮಗಳು ತೋರಿಸಿದರೆ ಹೆಚ್ಚೇನಾಗುತ್ತದೆ ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ಅವಳು ಸಿಟ್ಟಾಗಲಿಲ್ಲ.

“ಮನೆ ಇದ್ದದ್ದು ಅವ್ರಿಗೆ ಗೊತ್ತೈತೆ ಟೀಚರ್. ನನ್ನ ಮಗಳ ಬೆರಳಿಂದ ತೋರಿಸ್ಬ್ಯಾಡಿ, ಅಷ್ಟೇಯ. ನಾಳೆ ಎಂತಾರು ಆದ್ರೆ, ನಾನೇ ತೋರ್ಸಿ ಕೊಟ್ಟೆ ಅಂತ ಅದು ಜನ್ಮವಿಡೀ ಅಂದ್ಕಳ್ತೈತೆ.”

ಉಪಗ್ರಹಕ್ಕೆ ಮಾಡು ಕಾಣುತ್ತದೆ, ಯಾರ ಮಾಡು ಎಂದು ಕಾಣುವುದಿಲ್ಲ; ಅದನ್ನು ಹೇಳುತ್ತಿದ್ದದ್ದು ನಮ್ಮ ಪದರ. ವಾಪಸು ಬರುವಾಗ ಕಾಲು ಬಹಳ ನೋಯುತ್ತಿತ್ತು. ಈ ಇಡೀ ಕಾರ್ಯಕ್ರಮವನ್ನೇ ಹಳ್ಳಕ್ಕೆ ಎಸೆದು ಹಳೆಯ ಗೋಡೆ ನಕ್ಷೆಯನ್ನು ಮೊಳೆಗೆ ಸಿಕ್ಕಿಸಿಬಿಡೋಣ ಅನಿಸಿತು.

ಸೋಮವಾರ ಮುಖ್ಯಾಧ್ಯಾಪಕರು ಸುಲಭದ ದಾರಿ ತೋರಿಸಿದರು. ಹುಡುಗಿಯ ಬದಲು ಶಾಲಾ ಸಮಿತಿ ಅಧ್ಯಕ್ಷರ ಅಣ್ಣನ ಮಗನನ್ನು ನಿಲ್ಲಿಸುವುದು. ಅವನೂ ಅದೇ ತರಗತಿ, ಮಾತಿನಲ್ಲಿ ಚುರುಕು, ಅವರ ಮನೆಗೆ ಪಕ್ಕಾ ದಾಖಲೆ, ಮೇಲಿನಿಂದ ನೋಡಿದರೂ ಅಂಗಳ ಸಮೇತ ಅಚ್ಚುಕಟ್ಟು. ಯಾರಿಗೂ ತೊಂದರೆಯಿಲ್ಲ. ನನಗೂ ಒಂದು ಗಳಿಗೆ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ. ಅವಳನ್ನು ಕರೆದು ವಿಷಯ ತಿಳಿಸಿದೆ. ಅಡ್ಡಿಯಿಲ್ಲ, ಅವನಿಗೆ ಪದರ ತೆರೆದು ಮುಚ್ಚುವುದನ್ನು ತಾನೇ ಹೇಳಿಕೊಡುತ್ತೇನೆ ಎಂದಳು. ಅಳಲಿಲ್ಲ, ಮುಖ ಸಣ್ಣದೂ ಮಾಡಲಿಲ್ಲ. ಹೀಗೆಯೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ ಟ್ಯಾಬ್ಲೆಟ್ ಎತ್ತಿಕೊಂಡು ಅವನ ಬೆಂಚಿಗೆ ನಡೆದಳು. ಅವಳು ಅತ್ತಿದ್ದರೆ ಸಮಾಧಾನ ಮಾಡಿ ಮುಂದೆ ಹೋಗಿಬಿಡುತ್ತಿದ್ದೆನೇನೋ. ಆ ನಡಿಗೆ ನೋಡಿ ನನಗೆ ಸಹಿಸಲಾಗಲಿಲ್ಲ. ಹದಿನಾಲ್ಕರ ಹುಡುಗಿ ಇಷ್ಟು ಬೇಗ ಜಾಗ ಬಿಟ್ಟುಕೊಡುವುದನ್ನು ಕಲಿಯಬಾರದು. ಅವತ್ತು ಸಂಜೆ ಒಬ್ಬಳೇ ಕೂತು ‘ನನ್ನ ಮನೆ’ ಪದರವನ್ನು ಪೂರ್ತಿ ಅಳಿಸಿದೆ. ಅವಳದೊಂದು ಮೊದಲೇ ಇರಲಿಲ್ಲ. ಈಗ ಯಾರದೂ ಇಲ್ಲ. ‘ನಮ್ಮ ಬೆಟ್ಟ’ ಎಂದಿದ್ದ ಕಡೆಯೆಲ್ಲ ‘ಸೊಪ್ಪಿನ ಬೆಟ್ಟ’ ಎಂದು ತಿದ್ದಿದೆ. ಪ್ರದರ್ಶಿಸುವವಳು ಅವಳೇ ಎಂದು ಮುಖ್ಯಾಧ್ಯಾಪಕರಿಗೆ ಹೇಳಿದೆ. ನಿಮ್ಮಿಷ್ಟ, ನಿಮ್ಮ ಕಷ್ಟ ಎಂದರು.

ಮಾರನೇ ದಿನವೇ ಸಮಿತಿಯ ಅಧ್ಯಕ್ಷರು ಬಂದರು. ಒಳ್ಳೆಯ ಮನುಷ್ಯ, ಶಾಲೆಗೆ ಬೆಂಚು ಮಾಡಿಸಿಕೊಟ್ಟವರು. ಸಮಿತಿಗೆ ನಾವು ಕಳಿಸಿದ್ದ ಕೊಂಡಿ ತೆರೆದಾಗ, ಅಣ್ಣನ ಜೊತೆ ಕೂಡಿ ಇರುವ ತಮ್ಮ ಮನೆ ನಕ್ಷೆಯಲ್ಲಿ ಹೆಸರಿನ ಸಮೇತ ಇದ್ದದ್ದು ಅವರಿಗೆ ಬಹಳ ಸಂತೋಷ ಕೊಟ್ಟಿತ್ತು.

“ಹುಬ್ಬಳ್ಳಿಲಿಪ್ಪ ತಂಗಿಗೂ ತೋರ್ಸಿದ್ದಿ ಆನು. ನಿನ್ನೆ ನೋಡಿದ್ರೆ ಇಲ್ಲೆ. ಯಂಗ್ಳ ಮನೆ ಯಂಗ್ಳ ಜಾಗದಲ್ಲೇ ಇದ್ದಲೇ, ಅಳ್ಸದು ಎಂತಕ್ಕೆ?”

ಮಕ್ಕಳ ಹೆಸರು, ಮನೆಯ ವಿಳಾಸ ಸಾರ್ವಜನಿಕವಾಗಿ ಹಾಕುವುದು ಸರಿಯಲ್ಲ, ಹೆಣ್ಣುಮಕ್ಕಳೂ ಇದ್ದಾರೆ ಎಂದೆ. ಅದೂ ನಿಜವೇ. ಅವರು ತಲೆ ಆಡಿಸಿದರು, ಆದರೆ ಒಪ್ಪಿದಂತೆ ಕಾಣಲಿಲ್ಲ. ಅಂದಿನಿಂದ ನನ್ನನ್ನು ಕಂಡರೆ ನಮಸ್ಕಾರ ಮೊದಲಿಗಿಂತ ಚುಟುಕಾಯಿತು. ಸಂಯೋಜಕರಂತೂ ಫೋನಿನಲ್ಲಿ ಗೋಳಾಡಿದರು.

“ಮನಿ ಇಲ್ಲಂದ್ರ ಎಲ್ಲಿ ಇಳಸೋದ್ರೀ ಟೀಚರ್? ಆಕಾಶದಾಗ ನಿಲ್ಲಸೂದೇನ್ರಿ?”

ಶಾಲೆಯ ಮಾಡಿನ ಮೇಲೆ ಇಳಿಸುತ್ತೇವೆ ಎಂದೆ. ಶಾಲೆಯಲ್ಲೇನು ಸ್ವಾರಸ್ಯ ಎಂದು ಅವರು ಗೊಣಗಿದರು. ಬೇಡವಾದರೆ ಬೇರೆ ಶಾಲೆ ಕರೆಸಿ ಎಂದುಬಿಟ್ಟೆ. ಅಷ್ಟು ದಣಿದಿದ್ದೆ, ಅವರು ಹಾಗೇ ಮಾಡಲಿ ಎಂದು ಒಳಗೊಳಗೇ ಹಾರೈಸಿದ್ದೆ ಕೂಡ. ಆಹ್ವಾನ ಪತ್ರಿಕೆ ಮುದ್ರಣವಾಗಿದ್ದರಿಂದ ಅವರು ಹಾಗೆ ಮಾಡಲಿಲ್ಲ.

ಶಿರಸಿಯ ಸಭಾಂಗಣದಲ್ಲಿ ಪ್ರೊಜೆಕ್ಟರ್ ಕೈಕೊಡಲಿಲ್ಲ, ಅದೇ ಆಶ್ಚರ್ಯ. ಭೂಗೋಳ ತಿರುಗಿತು, ಇಳಿಯಿತು, ನಮ್ಮ ಶಾಲೆಯ ತುಕ್ಕು ಬಣ್ಣದ ಮಾಡಿನ ಮೇಲೆ ನಿಂತಿತು. ಚಪ್ಪಾಳೆ ಬೀಳಲಿಲ್ಲ. ಆಮೇಲೆ ಅವಳು ಪದರಗಳನ್ನು ಒಂದೊಂದಾಗಿ ತೆರೆದಳು. ಹಳ್ಳ ಎಲ್ಲಿ ಹುಟ್ಟಿ ಯಾವ ಗದ್ದೆಗಳನ್ನು ಹಾಯುತ್ತದೆ, ತೋಟಗಳೇಕೆ ಕಣಿವೆಯಲ್ಲೇ ಸಾಲಾಗಿವೆ, ಸೊಪ್ಪಿನ ಬೆಟ್ಟ ತೋಟಕ್ಕೇಕೆ ಅಂಟಿಕೊಂಡೇ ಇರಬೇಕು, ಎಲ್ಲವನ್ನೂ ತಡವರಿಸದೆ ಹೇಳಿದಳು. ಮೋರಿಯ ಕಥೆ ಹೇಳಿದಾಗ ಕಂದಾಯದವರು ನಕ್ಕರು. ನಾನು ಬದಿಯಲ್ಲಿ ನಿಂತು, ಇನ್ನೇನು ಮುಗಿಯಿತು, ಮನೆಗೆ ಹೋಗಿ ಮಲಗಬಹುದು ಎಂದು ಎಣಿಸುತ್ತಿದ್ದೆ. ಆಗ ಅರಣ್ಯದ ಅಧಿಕಾರಿ ಮೈಕು ತೆಗೆದುಕೊಂಡರು. ಮೃದು ಮಾತಿನವರು, ನಿಜವಾಗಿಯೂ ಮೆಚ್ಚಿದ್ದರು. ಮಕ್ಕಳನ್ನು ಕಂಡರೆ ಯಾರಾದರೂ ಕೇಳುವ ಪ್ರಶ್ನೆಯನ್ನೇ ಅವರು ಕೇಳಿದರು.

“ತುಂಬ ಚೆನ್ನಾಗಿ ಹೇಳಿದೆಯಮ್ಮಾ. ಇದರಲ್ಲಿ ನಿನ್ನ ಮನೆ ಎಲ್ಲಿ, ತೋರಿಸು ನೋಡೋಣ.”

ಇದಕ್ಕೆ ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ. ಪದರ ಅಳಿಸಬಹುದು, ಪ್ರಶ್ನೆ ಅಳಿಸಲಾಗುತ್ತದೆಯೇ? ಅವಳ ಮನೆಯ ಹೊಸ ತಗಡು ಪರದೆಯ ಮೇಲ್ಮೂಲೆಯಲ್ಲಿ ನೀಲಿಯಾಗಿ ಕಾಣುತ್ತಲೇ ಇತ್ತು. ಎಲ್ಲಿ ನೋಡಬೇಕೆಂದು ಗೊತ್ತಿದ್ದ ನನ್ನ ಕಣ್ಣಿಗಂತೂ ಬೇರೇನೂ ಕಾಣಲಿಲ್ಲ. ನಾನು ಮಧ್ಯೆ ಬಾಯಿ ಹಾಕಲು ಒಂದು ಹೆಜ್ಜೆ ಮುಂದಿಟ್ಟೆ. ಅವಳು ನನ್ನ ಕಡೆ ನೋಡಲಿಲ್ಲ. ಟ್ಯಾಬ್ಲೆಟ್ಟಿನ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಕುಗ್ಗಿಸತೊಡಗಿದಳು. ತಗಡು ಹೋಯಿತು, ಶಾಲೆ ಹೋಯಿತು, ಊರು ಹೋಯಿತು. ಸಿದ್ದಾಪುರ, ಶಿರಸಿ, ಯಲ್ಲಾಪುರ ಮೂರೂ ಒಂದೇ ಹಸಿರು ಕಂಬಳಿಯಾಗುವವರೆಗೆ ಕುಗ್ಗಿಸಿ ಬೆರಳು ಎತ್ತಿದಳು.

“ಇದ್ರೊಳಗೇ ಐತೆ ಸರ್,” ಅಂದಳು.

ಅಧಿಕಾರಿ ನಕ್ಕು ಚಪ್ಪಾಳೆ ತಟ್ಟಿದರು, ಸಭಾಂಗಣವೆಲ್ಲ ತಟ್ಟಿತು. ಸಂಯೋಜಕರು ನನ್ನ ಬಳಿ ಓಡಿ ಬಂದು, ಇಂಥ ಮುಕ್ತಾಯ ಮುಚ್ಚಿಟ್ಟುಕೊಂಡಿದ್ದಿರಲ್ಲ, ಎಲ್ಲ ಶಾಲೆಗಳಿಗೂ ಇದನ್ನೇ ಹೇಳಿಕೊಡೋಣ ಎಂದರು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ಅಷ್ಟನ್ನು ಹೇಳುವುದಕ್ಕೆ ಅವಳು ಎಷ್ಟು ದೂರ ಹಿಂದೆ ಸರಿಯಬೇಕಾಯಿತು!

ಅವಳನ್ನು ಊರಿಗೆ ಬಿಡಲು ನಾನೇ ಬಸ್ಸಿನಲ್ಲಿ ಜೊತೆ ಹೋದೆ. ದಾರಿಯುದ್ದಕ್ಕೂ ಅವಳು ಬಹುಮಾನಕ್ಕೆ ಕೊಟ್ಟ ಅಟ್ಲಾಸಿನ ಪುಟ ತಿರುವುತ್ತಾ ಕೂತಿದ್ದಳು. ಬಸ್ಸು ಇಳಿಯುವ ಜಾಗದಲ್ಲಿ ತಾಯಿ ಕಾಯುತ್ತಿದ್ದಳು. ಹೇಗಾಯಿತು ಎಂದಾಗಲೀ, ಏನು ಕೊಟ್ಟರು ಎಂದಾಗಲೀ ಕೇಳಲಿಲ್ಲ.

“ಮನೆ ಕೇಳಿದ್ರಾ?”

“ಕೇಳಿದ್ರು.”

“ಎಂತ ಹೇಳ್ದೆ?”

“ಐತೆ ಅಂದೆ.”

ತಾಯಿ ಮಗಳ ಮುಖವನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಮಗಳ ಹೆಗಲಿನಿಂದ ಚೀಲ ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡಳು.

“ಐತಲ್ಲ ಮತ್ತೆ,” ಎಂದು ಮನೆಯ ದಾರಿ ಹಿಡಿದಳು.